ವಕೀಲರಾಗದೆ ಕಾನೂನು ಓದುವುದು

(ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ಕನ್ನಡಿಗರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಆ ದಿನ ಮರೆತದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ನಮ್ಮಲ್ಲೊಂದು ಮಾತಿದೆ. ಕಾನೂನು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕೋರ್ಟೇ. ಕರಿ ಕೋಟು, ವಾಯಿದೆ, ಮತ್ತೊಂದು ವಾಯಿದೆ. ಆದರೆ ಕಾನೂನಿನ ಕೆಲಸ ಜಾಸ್ತಿ ನಡೆಯುವುದು ಕೋರ್ಟಿನ ಹೊರಗೆ. ಆಸ್ಪತ್ರೆಯ ಬಿಲ್ ಮಾಡುವ ಮೇಜಿನ ಮೇಲೆ, ಕರಾರಿಗೆ ಸಹಿ ಬೀಳುವ ಮುಂಚೆ, ಯಾರನ್ನೋ ಕೆಲಸದಿಂದ ತೆಗೆಯುವ ಹಿಂದಿನ ದಿನ. ಅಲ್ಲಿ ಕೂತಿರುವವರಲ್ಲಿ ಬಹಳ ಜನ ವಕೀಲರಲ್ಲ.

ನಾನೂ ಅಲ್ಲ. ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸಕ್ಕೆ ಸೇರಿದವಳು ನಾನು. ರೋಗಿಗಳ ಫೈಲು ಕೇಳಿದವರಿಗೆ ಕೊಡಬೇಕೋ ಬೇಡವೋ ಅಂತ ನೋಡುವುದೇ ಕೆಲಸ. ಪ್ರತಿ ಸಲ ಅನುಮಾನ ಬಂದಾಗ ಲೀಗಲ್ ವಿಭಾಗಕ್ಕೆ ಮೇಲ್ ಹಾಕುವುದು, ಉತ್ತರಕ್ಕೆ ಕಾಯುವುದು. ಉತ್ತರ ಬಂದರೂ ಅರ್ಧ ಅರ್ಥವಾಗುತ್ತಿರಲಿಲ್ಲ. ಕೊನೆಗೆ ಬೇಸತ್ತು ಎರಡು ವರ್ಷ ಸಂಜೆ ಹೊತ್ತು ಕೂತು ಕಾನೂನಿನ ಸ್ನಾತಕೋತ್ತರ ಪದವಿ ಮಾಡಿದೆ. ಈಗ ಪ್ರೈವೆಸಿ ಮತ್ತು ಕಂಪ್ಲೈಯನ್ಸ್ ಕೆಲಸದಲ್ಲಿದ್ದೇನೆ, ಅಂದರೆ ಸಂಸ್ಥೆ ಕಾನೂನು, ನಿಯಮ ಪಾಲಿಸುತ್ತಿದೆಯಾ ಅಂತ ನೋಡುವ ಕೆಲಸ. ಆ ಪದವಿ ಏನು, ಯಾರಿಗೆ ಆಗಿಬರುತ್ತದೆ, ಯಾರಿಗೆ ದುಡ್ಡು ದಂಡ ಅನ್ನುವುದೇ ಇವತ್ತಿನ ಮಾತು.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಒಂದು ಕಾಲೇಜಿನವರು ಇದನ್ನು ಎಂ.ಎಲ್.ಎಸ್. ಅನ್ನುತ್ತಾರೆ, ಅಂದರೆ ಮಾಸ್ಟರ್ ಆಫ್ ಲೀಗಲ್ ಸ್ಟಡೀಸ್. ಇನ್ನೊಬ್ಬರು ಎಂ.ಎಸ್.ಎಲ್. ಅನ್ನುತ್ತಾರೆ. ಮತ್ತೊಂದು ಕಡೆ ಎಂ.ಜೆ., ಇನ್ನೆಲ್ಲೋ ಜ್ಯೂರಿಸ್ ಮಾಸ್ಟರ್. ಹೆಸರು ಬೇರೆ, ಸರಕು ಹೆಚ್ಚುಕಡಿಮೆ ಒಂದೇ. ಎಲ್ಎಲ್.ಎಂ. ಮಾತ್ರ ಬೇರೆ. ಅದು ಸಾಮಾನ್ಯವಾಗಿ ಈಗಾಗಲೇ ಕಾನೂನು ಪದವಿ ಇರುವವರಿಗೆ. ವಕೀಲರಾಗಲು ಓದುವ ಜೆ.ಡಿ. ಇನ್ನೂ ಬೇರೆ: ಸಾಮಾನ್ಯವಾಗಿ ಮೂರು ವರ್ಷ, ಅಮೆರಿಕನ್ ಬಾರ್ ಅಸೋಸಿಯೇಷನ್ನಿನ ನಿಯಮದಂತೆ ಕನಿಷ್ಠ 83 ಕ್ರೆಡಿಟ್. ನಾನು ಹೇಳುತ್ತಿರುವುದು 30 ಕ್ರೆಡಿಟ್ ಆಸುಪಾಸಿನದು. ಪೂರ್ತಿ ಹೊತ್ತು ಓದಿದರೆ ಒಂದು ವರ್ಷ, ಕೆಲಸದ ಜೊತೆಗಾದರೆ ಎರಡು. ಇದನ್ನು ಓದಿ, ವಕೀಲರ ಲೈಸೆನ್ಸಿಗೆ ಬರೆಯುವ ಬಾರ್ ಪರೀಕ್ಷೆಗೆ ಕೂರಲು ಆಗುವುದಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಗೆ ಯಾರಾದರೂ ಒಬ್ಬರು ಅದನ್ನೇ ಕೇಳುತ್ತಾರೆ.

ವಕೀಲರಾಗದವರಿಗೆ ಕಾನೂನು ಕಾಲೇಜಿನ ಬಾಗಿಲು ತೆರೆದ ಕಥೆಯಲ್ಲಿ ಪತ್ರಕರ್ತರದ್ದು ದೊಡ್ಡ ಪಾಲು. ಯೇಲ್ ಕಾನೂನು ಕಾಲೇಜಿನಲ್ಲಿ ಪತ್ರಕರ್ತರು ಒಂದು ವರ್ಷ ಕೂತು ಕಾನೂನು ಓದಿ ಹೋಗುವ ಎಂ.ಎಸ್.ಎಲ್. ಇದೆ. ಲಿಂಡಾ ಗ್ರೀನ್‌ಹೌಸ್ ಫೋರ್ಡ್ ಫೌಂಡೇಷನ್ನಿನ ಫೆಲೋಶಿಪ್ ಮೇಲೆ ಅಲ್ಲಿ ಓದಿ 1978ರಲ್ಲಿ ಪದವಿ ಪಡೆದರು. ಅದೇ ವರ್ಷ ನ್ಯೂಯಾರ್ಕ್ ಟೈಮ್ಸ್‌ಗೆ ಸುಪ್ರೀಂ ಕೋರ್ಟಿನ ವರದಿ ಮಾಡಲು ಶುರು ಮಾಡಿದವರು 2008ರ ತನಕ ಮಾಡಿದರು. ಆ ವರದಿಗಳಿಗೆ 1998ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು.

ನನಗೆ ಇನ್ನೂ ಇಷ್ಟವಾದದ್ದು ಚಾರ್ಲಿ ಸಾವೇಜ್ ಅವರ ವಿಷಯ. ಅವರೂ ಯೇಲ್‌ನಲ್ಲಿ ಇದೇ ಪದವಿ ಮಾಡಿದವರು. ಅಮೆರಿಕದ ಅಧ್ಯಕ್ಷರು ಮಸೂದೆಗೆ ಸಹಿ ಹಾಕುವಾಗ ಕೆಲವು ಸಲ ಜೊತೆಗೊಂದು ಟಿಪ್ಪಣಿ ಇಡುತ್ತಾರೆ. ಅದಕ್ಕೆ ಸೈನಿಂಗ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಒಣ ಭಾಷೆ, ಯಾರೂ ಓದುವುದಿಲ್ಲ. ಎಲ್ಲರೂ ನೋಡುವುದು ಸಹಿ ಹಾಕುವ ಫೋಟೋ. ಸಾವೇಜ್ ಆ ಟಿಪ್ಪಣಿಗಳನ್ನು ಕೂತು ಓದಿದರು. 750ಕ್ಕೂ ಹೆಚ್ಚು ಕಾನೂನುಗಳ ವಿಷಯದಲ್ಲಿ, ಇದು ಸಂವಿಧಾನದ ಬಗ್ಗೆ ನನಗಿರುವ ತಿಳಿವಳಿಕೆಗೆ ವಿರುದ್ಧವಾದರೆ ನಾನು ಪಾಲಿಸಬೇಕಿಲ್ಲ ಅಂತ ಜಾರ್ಜ್ ಡಬ್ಲ್ಯೂ. ಬುಷ್ ಬರೆದಿಟ್ಟಿದ್ದಾರೆ ಅಂತ 2006ರಲ್ಲಿ ಬಾಸ್ಟನ್ ಗ್ಲೋಬ್‌ನಲ್ಲಿ ಬರೆದರು. ಮರುವರ್ಷ ಪುಲಿಟ್ಜರ್ ಬಂತು. ಕಾಗದ ಎಲ್ಲರ ಕಣ್ಣೆದುರೇ ಇತ್ತು, ಓದುವ ತಾಳ್ಮೆ ಒಬ್ಬರಿಗಿತ್ತು ಅಷ್ಟೇ.

ಆಮೇಲೆ ಪತ್ರಕರ್ತರಿಗಿಂತ ಬೇರೆಯವರೇ ಜಾಸ್ತಿ ಬರತೊಡಗಿದರು. ಯಾಕೆ ಅಂತ ಹೇಳಬೇಕಾದರೆ 1991ಕ್ಕೆ ಹೋಗಬೇಕು. ತಪ್ಪು ಮಾಡಿದ ಕಂಪನಿಗೆ ಎಷ್ಟು ದಂಡ ಹಾಕಬೇಕು ಅನ್ನುವುದಕ್ಕೆ ಆ ವರ್ಷ ಫೆಡರಲ್ ಮಾರ್ಗಸೂಚಿ ಬಂತು. ಅದರಲ್ಲೊಂದು ರಿಯಾಯಿತಿ ಇತ್ತು. ತಪ್ಪು ತಡೆಯಲು, ಹಿಡಿಯಲು ಕಂಪನಿಯ ಒಳಗೇ ಗಟ್ಟಿ ವ್ಯವಸ್ಥೆ ಇದ್ದರೆ ದಂಡ ಕಡಿಮೆ. ಅದಕ್ಕೆ ಮುಂಚೆ ಕಂಪ್ಲೈಯನ್ಸ್ ಅನ್ನುವುದು ಬಹಳ ಕಡೆ ಗೋಡೆಗೆ ಅಂಟಿಸಿದ ಕಾಗದ. ಆಮೇಲೆ ಅದೊಂದು ವಿಭಾಗವಾಯಿತು, ಅದಕ್ಕೊಬ್ಬ ಮುಖ್ಯಸ್ಥ ಬಂದ. 2001ರಲ್ಲಿ ಲೆಕ್ಕದಲ್ಲಿ ಮೋಸ ಮಾಡಿದ್ದ ಎನ್ರಾನ್ ಕಂಪನಿ ಮುಳುಗಿತು, ಮರುವರ್ಷ ಸಾರ್ಬೇನ್ಸ್-ಆಕ್ಸ್ಲಿ ಕಾಯ್ದೆ ಬಂತು. ಕಂಪನಿಯ ಲೆಕ್ಕ ಸರಿ ಇದೆ ಅಂತ ಸಿ.ಇ.ಒ. ತಾನೇ ಸಹಿ ಹಾಕಬೇಕಾಯಿತು. ತನ್ನ ಸಹಿ ಬೀಳುತ್ತದೆ ಅಂದಾಗ ಯಾರಿಗೇ ಆಗಲಿ ಕೆಳಗಿನ ನಾಲ್ಕು ಜನರ ಕೈಲಿ ಪರೀಕ್ಷೆ ಮಾಡಿಸೋಣ ಅನ್ನಿಸುತ್ತದೆ, ಅಲ್ವಾ? ಆ ನಾಲ್ಕು ಜನರೇ ಇವತ್ತಿನ ಕಂಪ್ಲೈಯನ್ಸ್ ವಿಭಾಗ. ಆಸ್ಪತ್ರೆಗಳಲ್ಲಿ, ರೋಗಿಗಳ ಮಾಹಿತಿ ಕಾಪಾಡಬೇಕು ಅನ್ನುವ ಹಿಪಾ ಕಾಯ್ದೆ ಇದೇ ಕೆಲಸ ಮಾಡಿತು. ಕಾಯ್ದೆ 1996ರದ್ದು, ಅದರ ಪ್ರೈವೆಸಿ ನಿಯಮವನ್ನು ಪಾಲಿಸಲೇಬೇಕಾದದ್ದು 2003ರ ಏಪ್ರಿಲ್‌ನಿಂದ. ಪ್ರತಿ ಆಸ್ಪತ್ರೆಯೂ ಪ್ರೈವೆಸಿಗೆ ಜವಾಬ್ದಾರರಾದ ಒಬ್ಬರನ್ನು ನೇಮಿಸಬೇಕು ಅಂತ ಆ ನಿಯಮವೇ ಹೇಳುತ್ತದೆ. ಅವರು ವಕೀಲರೇ ಆಗಿರಬೇಕು ಅಂತ ಎಲ್ಲೂ ಹೇಳುವುದಿಲ್ಲ.

ಕಾಲೇಜುಗಳಿಗೂ ಅವರದೇ ಕಾರಣ ಇತ್ತು. ಅದನ್ನು ಮುಚ್ಚಿಡುವುದು ಬೇಡ. 2010ರಲ್ಲಿ ಜೆ.ಡಿ. ಮೊದಲ ವರ್ಷಕ್ಕೆ ಸೇರಿದವರು 52 ಸಾವಿರಕ್ಕೂ ಜಾಸ್ತಿ. ಐದಾರು ವರ್ಷದಲ್ಲಿ ಅದು 37 ಸಾವಿರದ ಆಸುಪಾಸಿಗೆ ಇಳಿಯಿತು. ಕಟ್ಟಡ ಇದೆ, ಪ್ರೊಫೆಸರ್‌ಗಳಿದ್ದಾರೆ, ಬೆಂಚು ಖಾಲಿ. ವಕೀಲರಲ್ಲದವರ ಪದವಿಗಳು ಒಂದರ ಹಿಂದೊಂದು ಹುಟ್ಟಿಕೊಂಡದ್ದರಲ್ಲಿ ಈ ಖಾಲಿ ಬೆಂಚಿನ ಪಾಲೂ ಇದೆ. ಹಾಗಂತ ಪದವಿ ಕೆಟ್ಟದ್ದು ಅಂತಲ್ಲ. ಆದರೆ ಮಾರುವವರಿಗೂ ಅವಸರ ಇದೆ ಅನ್ನುವುದು ಕೊಳ್ಳುವವರಿಗೆ ಗೊತ್ತಿರಬೇಕು.

ಈಗ ತರಗತಿಯ ಒಳಗೆ ಹೋಗೋಣ. ನಮ್ಮ ತರಗತಿಯಲ್ಲಿ ಒಬ್ಬರು ನರ್ಸ್, ಒಬ್ಬರು ಬ್ಯಾಂಕಿನವರು, ಇಬ್ಬರು ಎಂಜಿನಿಯರ್, ಒಬ್ಬರು ಪೊಲೀಸ್ ಇಲಾಖೆಯವರು. ಒಂದು ಸಂಜೆ ಹಿಪಾ ನಿಯಮದ ಒಂದೇ ಒಂದು ವಾಕ್ಯ ಇಟ್ಟುಕೊಂಡು ಎರಡು ಗಂಟೆ ಕೂತೆವು. ರೋಗಿಗಳ ಮಾಹಿತಿ ಸೋರಿದರೆ ಅವರಿಗೆ ತಿಳಿಸಬೇಕು, ವಿನಾಕಾರಣ ತಡ ಮಾಡದೆ, ಪತ್ತೆಯಾದ ಮೇಲೆ 60 ದಿನ ಮೀರದಂತೆ. ಇಷ್ಟೇ ವಾಕ್ಯ. ಎಷ್ಟು ದಿನ ಟೈಮಿದೆ ಅಂತ ಪ್ರೊಫೆಸರ್ ಕೇಳಿದರು. ಅರವತ್ತು ಅಂತ ಎಲ್ಲರೂ ಒಟ್ಟಿಗೆ ಅಂದೆವು. ತಪ್ಪು. 60 ಅನ್ನುವುದು ದಾಟಬಾರದ ಗೆರೆ. ಹತ್ತು ದಿನದಲ್ಲಿ ತಿಳಿಸಲು ಸಾಧ್ಯವಿದ್ದೂ ಸುಮ್ನೆ ಐವತ್ತೊಂಬತ್ತನೇ ದಿನದ ತನಕ ಕೂತರೆ ಆಗಲೇ ನಿಯಮ ಮುರಿದಂತೆ.

ಆಮೇಲೆ ಕೇಳಿದರು, ಪತ್ತೆಯಾದದ್ದು ಯಾವತ್ತು? ಪ್ರೈವೆಸಿ ವಿಭಾಗಕ್ಕೆ ಸುದ್ದಿ ಬಂದ ದಿನ ಅಂತ ನಾನೇ ಕೈ ಎತ್ತಿ ಹೇಳಿದೆ. ನಾನು ಅದೇ ವಿಭಾಗದ ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವಳು, ದಿನಾ ನೋಡುತ್ತಿದ್ದದ್ದು ಅದನ್ನೇ. ಮುಂದಿನ ಸಾಲು ಓದಿ ಅಂದರು. ಅಲ್ಲಿ ಬರೆದಿತ್ತು: ಸಂಸ್ಥೆಯ ಸಿಬ್ಬಂದಿಯಲ್ಲಿ ಯಾರಿಗಾದರೂ ಒಬ್ಬರಿಗೆ ಗೊತ್ತಾದ ಮೊದಲ ದಿನವೇ ಪತ್ತೆಯಾದ ದಿನ. ಗೊತ್ತಾಗದಿದ್ದರೂ, ಸರಿಯಾಗಿ ಗಮನ ಕೊಟ್ಟಿದ್ದರೆ ಗೊತ್ತಾಗಬೇಕಿತ್ತು ಅನ್ನುವ ದಿನವೂ ಲೆಕ್ಕಕ್ಕೆ ಬರುತ್ತದೆ. ಅಂದರೆ ರಾತ್ರಿ ಪಾಳಿಯ ನರ್ಸ್ ಒಬ್ಬರು ತಪ್ಪು ನಂಬರಿಗೆ ಹೋದ ಫ್ಯಾಕ್ಸ್ ನೋಡಿ, ಬೆಳಿಗ್ಗೆ ಹೇಳೋಣ ಅಂತ ಮರೆತು, ಮೂರು ವಾರ ಬಿಟ್ಟು ಹೇಳಿದರೆ, ಗಡಿಯಾರ ಮೂರು ವಾರ ಮುಂಚೆಯೇ ಓಡಲು ಶುರು ಮಾಡಿದೆ.

ಇದರೊಳಗೆ ಇನ್ನೂ ಒಂದು ಸಣ್ಣ ತುಣುಕಿದೆ. ಸಿಬ್ಬಂದಿಯಲ್ಲಿ ಯಾರಿಗಾದರೂ ಗೊತ್ತಾದರೆ ಅಂದೆನಲ್ಲ, ಅದರಲ್ಲಿ ಸೋರಿಕೆ ಮಾಡಿದವರನ್ನು ಬಿಟ್ಟು ಅಂತಿದೆ. ಕಳ್ಳನಿಗೆ ಕಳ್ಳತನ ಗೊತ್ತಿದ್ದದ್ದು ಮನೆಯವರಿಗೆ ಗೊತ್ತಿದ್ದಂತೆ ಆಗುವುದಿಲ್ಲವಲ್ಲ, ಹಾಗೆ. ಪಕ್ಕದ ಬೆಂಚಿನ ಪೊಲೀಸಪ್ಪ ಆ ತುಣುಕು ಓದಿ ಗಟ್ಟಿಯಾಗಿ ನಕ್ಕ.

ಮರುದಿನ ಕೆಲಸಕ್ಕೆ ಹೋದಾಗ ನಮ್ಮ ಸೋರಿಕೆ ಫಾರಂ ತೆಗೆದು ನೋಡಿದೆ. ದಿನಾಂಕ ಬರೆಯಲು ಒಂದೇ ಜಾಗ ಇತ್ತು: ವರದಿ ಬಂದ ದಿನ. ಮೊದಲು ಯಾರಿಗೆ, ಯಾವತ್ತು ಗೊತ್ತಾಯಿತು ಅನ್ನುವುದಕ್ಕೆ ಜಾಗವೇ ಇರಲಿಲ್ಲ. ಆ ಫಾರಮ್ಮಿಗೆ ಎರಡು ಖಾನೆ ಸೇರಿಸಿದ್ದು ಈ ಪದವಿಯಿಂದ ನಾನು ಮಾಡಿದ ಮೊದಲ ಕೆಲಸ. ಕೇಳಲು ಏನೂ ಅಲ್ಲ. ಆದರೆ ನನ್ನ ಮಟ್ಟಿಗೆ ಈ ಓದು ಅಂದರೆ ಇದೇ. ಇದು ಕಸಿ ಇದ್ದ ಹಾಗೆ. ಕೆಳಗೆ ಬೇರು ಬಿಟ್ಟ ಗಿಡ ಒಂದು ಇರಬೇಕು. ನನಗೆ ಫಾರಂ ಗೊತ್ತಿತ್ತು, ಫ್ಯಾಕ್ಸ್ ಎಲ್ಲಿ ತಪ್ಪುತ್ತದೆ ಅಂತ ಗೊತ್ತಿತ್ತು, ಅದಕ್ಕೇ ಆ ವಾಕ್ಯ ಹಿಡಿಯಿತು. ಕಾಲೇಜಿನಿಂದ ನೇರ ಬಂದಿದ್ದ ಒಬ್ಬ ಹುಡುಗ ನನಗಿಂತ ಚುರುಕು, ಆದರೆ ಅವನಿಗೆ ಅದು ಪರೀಕ್ಷೆಯ ಪ್ರಶ್ನೆ ಮಾತ್ರ ಆಗಿತ್ತು.

ಎಚ್ಆರ್ ಕೆಲಸದವರಿಗೂ ಇದೇ ಥರ. ಎಫ್.ಎಂ.ಎಲ್.ಎ. ಅಂತ 1993ರ ಕಾಯ್ದೆ. ತನ್ನ ಅಥವಾ ಮನೆಯವರ ಗಂಭೀರ ಕಾಯಿಲೆಗೆ ವರ್ಷಕ್ಕೆ 12 ವಾರ ಸಂಬಳವಿಲ್ಲದ ರಜೆ, ಕೆಲಸ ಹೋಗುವುದಿಲ್ಲ. 12 ತಿಂಗಳು ಕೆಲಸ ಮಾಡಿರಬೇಕು, ಹಿಂದಿನ ವರ್ಷ 1,250 ಗಂಟೆ ಆಗಿರಬೇಕು, ಸಾಮಾನ್ಯವಾಗಿ 75 ಮೈಲಿಯೊಳಗೆ ಕಂಪನಿಗೆ 50 ಜನ ಇರಬೇಕು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಮೊದಲ ಸಲ ರಜೆ ಕೇಳುವವರು ಆ ಕಾಯ್ದೆಯ ಹೆಸರು ಹೇಳಬೇಕಾಗಿಯೇ ಇಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದಾರೆ, ಎರಡು ವಾರ ಬರಲಾಗುವುದಿಲ್ಲ ಅಂತ ಒಬ್ಬರು ಮ್ಯಾನೇಜರ್‌ಗೆ ಹೇಳಿದರೆ ಅಷ್ಟೇ ಸಾಕಾಗಬಹುದು. ಅಲ್ಲಿಂದ ಐದು ಕೆಲಸದ ದಿನದೊಳಗೆ, ನಿಮಗೆ ಈ ರಜೆ ಸಿಗುತ್ತದೋ ಇಲ್ಲವೋ ಅಂತ ಕಂಪನಿಯೇ ತಿಳಿಸಬೇಕು. ಕಾಫಿ ಮಷೀನಿನ ಹತ್ತಿರ ಆಡಿದ ಮಾತು ಕಾನೂನಿನ ನೋಟೀಸ್ ಆಗಿಬಿಡುತ್ತದೆ. ಮ್ಯಾನೇಜರ್‌ಗೆ ಇದನ್ನು ಕಲಿಸುವವರು ಎಚ್ಆರ್‌ನವರು. ಅವರಿಗೆ ಕಲಿಸುವವರು ಯಾರು?

ಪೇಟೆಂಟ್ ಕಡೆ ಕಥೆ ಸ್ವಲ್ಪ ಬೇರೆ. ಅಮೆರಿಕದ ಪೇಟೆಂಟ್ ಕಚೇರಿಯ ಮುಂದೆ ವಾದಿಸಲು ವಕೀಲರಾಗಬೇಕಿಲ್ಲ. ವಿಜ್ಞಾನ ಅಥವಾ ಎಂಜಿನಿಯರಿಂಗ್ ಹಿನ್ನೆಲೆ ಇದ್ದು, ಅವರ 100 ಪ್ರಶ್ನೆಯ ಪರೀಕ್ಷೆ ಪಾಸಾದರೆ ಪೇಟೆಂಟ್ ಏಜೆಂಟ್ ಆಗಬಹುದು. ವಕೀಲನಲ್ಲದವನು ನಮ್ಮ ರಾಜ್ಯದಲ್ಲಿ ಈ ಕೆಲಸ ಮಾಡಬಾರದು ಅಂತ ಫ್ಲೋರಿಡಾದ ವಕೀಲರ ಸಂಘ ಸ್ಪೆರಿ ಅನ್ನುವವರ ಮೇಲೆ ಕೇಸು ಹಾಕಿತು. ಅದು ಸುಪ್ರೀಂ ಕೋರ್ಟಿನ ತನಕ ಹೋಯಿತು. 1963ರಲ್ಲಿ ಗೆದ್ದದ್ದು ಸ್ಪೆರಿ. ಫೆಡರಲ್ ಕಚೇರಿ ಕೊಟ್ಟ ಅನುಮತಿಯನ್ನು ರಾಜ್ಯ ಕಿತ್ತುಕೊಳ್ಳಲು ಬರುವುದಿಲ್ಲ ಅಂದಿತು ಕೋರ್ಟು. ಹಾಗಾಗಿ ಪೇಟೆಂಟ್ ಏಜೆಂಟ್ ಆಗುವುದೊಂದೇ ಗುರಿ ಅನ್ನುವವರಿಗೆ ನನ್ನ ಸಲಹೆ, ಈ ಪದವಿ ಬೇಡ, ಆ ಪರೀಕ್ಷೆಗೆ ಓದಿ. ಪದವಿ ಉಪಯೋಗಕ್ಕೆ ಬರುವುದು ಪಕ್ಕದ ಕೆಲಸಗಳಲ್ಲಿ. ಸರ್ಕಾರದ ದುಡ್ಡಿನಿಂದ ಮಾಡಿದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಬಹುದು ಅಂತ 1980ರ ಬೈ-ಡೋಲ್ ಕಾಯ್ದೆ ಹೇಳಿತಲ್ಲ, ಅದರ ನಂತರ ಆ ಹಕ್ಕುಗಳನ್ನು ಕಂಪನಿಗಳಿಗೆ ಲೈಸೆನ್ಸ್ ಕೊಡುವ ವಿಭಾಗಗಳು ಊರೂರ ವಿಶ್ವವಿದ್ಯಾಲಯಗಳಲ್ಲಿ ಬೆಳೆದವು. ಪ್ರಯೋಗಾಲಯದ ಭಾಷೆ, ಕರಾರಿನ ಭಾಷೆ ಎರಡೂ ಬರುವವರು ಅಲ್ಲಿ ಬೇಕು.

ಡೇಟಾ ಪ್ರೈವೆಸಿ ಬಗ್ಗೆ ಇಲ್ಲಿ ಸಾಫ್ಟ್‌ವೇರ್‌ನವರು ತುಂಬ ಜನ ಇರುವುದರಿಂದ ಒಂದು ಮಾತು. ಯುರೋಪಿನ ಡೇಟಾ ರಕ್ಷಣೆಯ ಕಾನೂನು ಜಿ.ಡಿ.ಪಿ.ಆರ್. 2018ರ ಮೇ 25ರಿಂದ ಜಾರಿಯಲ್ಲಿದೆ. ಅದರಡಿ ನೇಮಿಸುವ ಡೇಟಾ ಪ್ರೊಟೆಕ್ಷನ್ ಆಫೀಸರ್‌ಗೆ ಆ ಕಾನೂನಿನಲ್ಲಿ ಪರಿಣತಿ ಇರಬೇಕು ಅಂತಿದೆ, ಕಾನೂನು ಪದವಿ ಇರಬೇಕು ಅಂತಿಲ್ಲ. ಆದರೆ ಈ ಕ್ಷೇತ್ರದಲ್ಲಿ ಕೆಲಸ ಕೊಡುವವರು ಪ್ರೈವೆಸಿ ವೃತ್ತಿಯವರ ಐ.ಎ.ಪಿ.ಪಿ. ಸಂಸ್ಥೆಯ ಸಿ.ಐ.ಪಿ.ಪಿ. ಪ್ರಮಾಣಪತ್ರ ಇದೆಯಾ ಅಂತಲೂ ಕೇಳುತ್ತಾರೆ. ಅದು ಕೆಲವು ತಿಂಗಳ ಓದು, ಖರ್ಚು ಪದವಿಯ ಹತ್ತಿರಕ್ಕೂ ಬರುವುದಿಲ್ಲ. ಮೊದಲು ಅದನ್ನು ಮಾಡಿ ನೋಡಿ. ಓದುತ್ತಾ ನಿದ್ದೆ ಬಂದರೆ ಪದವಿಯ ದುಡ್ಡು ಉಳಿಯಿತು.

ಇನ್ನು ಈ ಪದವಿಯ ಬೇಲಿಗಳು. ಎರಡಿವೆ, ಎರಡನ್ನೂ ನಾನು ಮುಳ್ಳು ಚುಚ್ಚಿಸಿಕೊಂಡೇ ಕಲಿತದ್ದು.

ಮೊದಲನೆಯದು, ಸಲಹೆ ಕೊಡುವ ಹಾಗಿಲ್ಲ. ಲೈಸೆನ್ಸ್ ಇಲ್ಲದೆ ಇನ್ನೊಬ್ಬರಿಗೆ ಕಾನೂನು ಸಲಹೆ ಕೊಡುವುದು ಇಲ್ಲಿ ರಾಜ್ಯ ರಾಜ್ಯದಲ್ಲೂ ತಪ್ಪು. ಪದವಿ ಬಂದ ಹೊಸದರಲ್ಲಿ ಗೆಳತಿಯೊಬ್ಬಳು ಬಾಡಿಗೆ ಕರಾರು ತಂದು ತೋರಿಸಿದಳು. ಇದು ನಡೆಯೋದಿಲ್ಲ, ಬಾಡಿಗೆ ಕೊಡಬೇಡ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ಈ ಪ್ಯಾರಾ ಬಗ್ಗೆ ವಕೀಲರನ್ನು ಕೇಳು, ಹೀಗೆ ಕೇಳು ಅಂತ ಮೂರು ಪ್ರಶ್ನೆ ಬರೆದುಕೊಟ್ಟೆ.

ಎರಡನೆಯದು ಇನ್ನೂ ಮುಖ್ಯ, ಆದರೆ ಜಾಹೀರಾತಿನಲ್ಲಿ ಇದನ್ನು ನಾನು ಕಂಡಿಲ್ಲ. ವಕೀಲರ ಜೊತೆ ಸಲಹೆಗಾಗಿ ಆಡಿದ ಮಾತನ್ನು ಎದುರು ಪಕ್ಷ ಕೋರ್ಟಿನಲ್ಲಿ ಕೇಳಿ ಪಡೆಯುವ ಹಾಗಿಲ್ಲ. ಕಂಪನಿಯ ಕೆಳಹಂತದ ನೌಕರರು ಕಂಪನಿಯ ವಕೀಲರ ಹತ್ತಿರ ಆಡಿದ ಮಾತಿಗೂ ಈ ರಕ್ಷಣೆ ಸಿಗಬಹುದು ಅಂತ ಸುಪ್ರೀಂ ಕೋರ್ಟಿನ 1981ರ ಅಪ್‌ಜಾನ್ ತೀರ್ಪು ಹೇಳಿತು. ಆದರೆ ನಾನು ವಕೀಲಳಲ್ಲ. ನನಗೆ ಬರೆದ ಮೇಲ್‌ಗೆ, ನಾನು ಬರೆದ ಮೇಲ್‌ಗೆ ಆ ಕೊಡೆ ಇಲ್ಲ. ಕಾನೂನು ಕಲಿತ ಹುರುಪಿನಲ್ಲಿ ನಾನೊಂದು ಮೇಲ್ ಬರೆದೆ, ಇದು ಸ್ಪಷ್ಟವಾಗಿ ನಿಯಮದ ಉಲ್ಲಂಘನೆ ಅಂತ, ಏಳು ಜನರಿಗೆ ಸಿ.ಸಿ. ಹಾಕಿ. ಹತ್ತು ನಿಮಿಷದಲ್ಲಿ ಲೀಗಲ್‌ನಿಂದ ಫೋನ್ ಬಂತು. ನೀವು ನೋಡಿದ್ದನ್ನು ಬರೆಯಿರಿ, ತೀರ್ಪು ಬರೆಯಬೇಡಿ ಅಂದರು. ಆಮೇಲೆ ನೋಡಿದರೆ ನನ್ನ ತೀರ್ಪು ತಪ್ಪೇ ಆಗಿತ್ತು. ಆ ಪ್ರಕರಣಕ್ಕೆ ಒಂದು ವಿನಾಯಿತಿ ಇತ್ತು, ನಾನು ಆ ಸೆಕ್ಷನ್ನಿನ ತನಕ ಓದಿರಲಿಲ್ಲ. ಒಂದು ವಿಷಯ ಇಲ್ಲಿ ತಿಳಿದಿರಲಿ. ಆ ರಕ್ಷಣೆ ಮಾತಿಗೆ ಮಾತ್ರ, ನಡೆದ ಘಟನೆಗಲ್ಲ. ಇದನ್ನೂ ಅಪ್‌ಜಾನ್ ತೀರ್ಪೇ ಹೇಳುತ್ತದೆ. ನಡೆದದ್ದನ್ನು ಮುಚ್ಚಿಡಲು ವಕೀಲರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅದು ಮುಚ್ಚಿಹೋಗುವುದಿಲ್ಲ.

ಸೇರುವ ಮುಂಚೆ ಕಾಲೇಜಿಗೆ ಏನು ಕೇಳಬೇಕು? ಓದಿ ಹೋದವರು ಈಗ ಏನು ಮಾಡುತ್ತಿದ್ದಾರೆ ಅಂತ ಕೇಳಿ. ಜೆ.ಡಿ. ಮುಗಿಸಿದವರಿಗೆ ಕೆಲಸ ಸಿಕ್ಕಿತೋ ಇಲ್ಲವೋ ಅಂತ ಕಾಲೇಜುಗಳು ಪ್ರತಿ ವರ್ಷ ಪ್ರಕಟಿಸಲೇಬೇಕು, ಬಾರ್ ಅಸೋಸಿಯೇಷನ್ ಬಿಡುವುದಿಲ್ಲ. ಈ ಪದವಿಗೆ ಆ ಕಟ್ಟುಪಾಡು ಇಲ್ಲ. ಬಾರ್ ಅಸೋಸಿಯೇಷನ್ ಮಾನ್ಯತೆ ಕೊಡುವುದು ಜೆ.ಡಿ.ಗೆ. ನಮ್ಮ ಕಾಲೇಜು ಅವರಿಂದ ಮಾನ್ಯತೆ ಪಡೆದದ್ದು ಅನ್ನುವ ವಾಕ್ಯ ಜಾಹೀರಾತಿನಲ್ಲಿ ಇದ್ದರೆ ಅದು ಸುಳ್ಳಲ್ಲ, ಆದರೆ ನೀವು ಓದುವ ಪದವಿಯ ಬಗ್ಗೆ ಅದು ಹೇಳುವುದು ಕಡಿಮೆ. ಇನ್ನೊಂದು, ಮುಂದೆ ಜೆ.ಡಿ. ಮಾಡಿದರೆ ಈ ಕ್ರೆಡಿಟ್ ಸೇರುತ್ತದೆ ಅಂತ ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ ಬರವಣಿಗೆಯಲ್ಲಿ ಕೊಡಿ ಅನ್ನಿ.

ಆ ದಿನ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಹಿರಿಯರೊಬ್ಬರು ಕೇಳಿದರು: ಇಷ್ಟೆಲ್ಲ ಓದಿಯೂ ಕೋರ್ಟಿಗೆ ಹೋಗುವ ದಾರಿಯೇ ಇಲ್ಲವಾ? ಬಹುತೇಕ ಇಲ್ಲ ಸಾರ್ ಅಂದೆ. ಅರಿಜೋನಾದಂಥ ಕೆಲವೇ ರಾಜ್ಯಗಳಲ್ಲಿ ಒಂದು ಕಿಂಡಿ ಇದೆ. ಅರಿಜೋನಾದಲ್ಲಿ 2021ರಿಂದ ಲೀಗಲ್ ಪ್ಯಾರಾಪ್ರೊಫೆಷನಲ್ ಅಂತ ಲೈಸೆನ್ಸ್ ಕೊಡುತ್ತಾರೆ. ಅದು ಸಿಕ್ಕವರು ವಕೀಲರಲ್ಲದಿದ್ದರೂ ಕುಟುಂಬದ ಕೇಸುಗಳಂಥ ಕೆಲವು ಗೊತ್ತಾದ ವಿಷಯಗಳಲ್ಲಿ ಸಲಹೆ ಕೊಡಬಹುದು, ಕೋರ್ಟಿನಲ್ಲಿ ನಿಂತು ಮಾತಾಡಬಹುದು. ಅದಕ್ಕೆ ಅರ್ಹತೆಯ ದಾರಿಗಳಲ್ಲಿ ಎಂ.ಎಲ್.ಎಸ್. ಕೂಡ ಒಂದು, ಅದರ ಮೇಲೆ ಪರೀಕ್ಷೆ ಬೇರೆ ಇದೆ. ಹಾಗಂತ ಎಲ್ಲ ರಾಜ್ಯವೂ ಅದೇ ದಾರಿ ಹಿಡಿಯುತ್ತದೆ ಅಂದುಕೊಳ್ಳಬೇಡಿ. ವಾಷಿಂಗ್ಟನ್ ರಾಜ್ಯ 2012ರಲ್ಲಿ ಇಂಥದ್ದೇ ಒಂದು ಲೈಸೆನ್ಸ್ ಶುರು ಮಾಡಿ, 2020ರಲ್ಲಿ ಹೊಸಬರಿಗೆ ನಿಲ್ಲಿಸುತ್ತೇವೆ ಅಂತ ತೀರ್ಮಾನ ಮಾಡಿತು.

ಕೊನೆಗೆ ನರ್ಸ್ ಒಬ್ಬರು ಹತ್ತಿರ ಬಂದರು. ಒಂಬತ್ತು ವರ್ಷದಿಂದ ಒಂದೇ ಆಸ್ಪತ್ರೆ, ಕಾಲು ನೋವು, ವಾರ್ಡಿನಿಂದ ಆಫೀಸಿಗೆ ಬರಬೇಕು, ಸೇರಲಾ ಅಂದರು. ಮೊದಲು ನಿಮ್ಮ ಆಸ್ಪತ್ರೆಯ ಪ್ರೈವೆಸಿ ಆಫೀಸರ್ ಹತ್ತಿರ ಒಂದು ದಿನ ಕೂತು, ಅವರು ಏನು ಮಾಡುತ್ತಾರೆ ನೋಡಿ ಅಂದೆ. ಅವರು ಯಾರು ಅಂತಲೇ ಗೊತ್ತಿಲ್ಲವಲ್ಲ ಅಂದರು. ರೋಗಿಗಳಿಗೆ ಪ್ರೈವೆಸಿ ನೋಟೀಸ್ ಅಂತ ಒಂದು ಕಾಗದ ಕೊಡುತ್ತೀರಲ್ಲ, ಯಾರನ್ನು ಕೇಳಬೇಕು ಅಂತ ಒಬ್ಬರ ಹೆಸರೋ ಹುದ್ದೆಯೋ, ಫೋನ್ ನಂಬರ್ ಸಮೇತ ಅದರಲ್ಲಿ ಇರಲೇಬೇಕು, ಅದು ನಿಯಮ ಅಂದೆ. ಒಂಬತ್ತು ವರ್ಷದಿಂದ ಅದನ್ನು ಕೈಗೆ ಕೊಡುತ್ತಾ ಬಂದಿದ್ದೇನೆ ಅಂತ ಅವರು ನಕ್ಕುಬಿಟ್ಟರು. ಸೋಮವಾರ ಡ್ಯೂಟಿಗೆ ಹೋದ ತಕ್ಷಣ ತೆಗೆದು ನೋಡುತ್ತೇನೆ ಅಂದರು.